ಗೋವಿನ ಗಂಧವೂ ತ್ಸೆತ್ಸೆ ನೊಣವೂ

ಸಂಜೆಯ ಹೊತ್ತು ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆಯಿಕ್ಕುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡವರೇ. ಕಚ್ಚುವ ಕೀಟವು ತನ್ನ ಆಹಾರವನ್ನು ಬಹುಮಟ್ಟಿಗೆ ವಾಸನೆಯಿಂದ ಅರಸುತ್ತದೆ. ಆ ವಾಸನೆಯನ್ನು ಮರೆಸಿದರೆ ದನಕ್ಕೆ ನೆಮ್ಮದಿ. ಈ ಸರಳ ತತ್ತ್ವವು ಶಾಸ್ತ್ರವಾಗಿ ಬೆಳೆದುದು ಆಫ್ರಿಕಾ ಖಂಡದಲ್ಲಿ; ಆದರೆ ಅದು ಅಪಾರ ಪ್ರಾಣಿಹತ್ಯೆಯ ತರುವಾಯ ಎಂಬುದು ವಿಷಾದದ ಸಂಗತಿ.

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ದೇರಾ ಇಸ್ಮಾಯಿಲ್ ಖಾನಿನಲ್ಲಿ, 'ಸುರ್ರಾ' ರೋಗ ತಗುಲಿದ ಕುದುರೆ ಒಂಟೆಗಳ ರಕ್ತದಲ್ಲಿ ಟ್ರಿಪನೊಸೋಮವೆಂಬ ಅಣುಜೀವಿಯನ್ನು ಕಂಡನು. 1894ರಲ್ಲಿ ಜುಲುಲ್ಯಾಂಡಿನ ಉಬೊಂಬೊಗೆ ತೆರಳಿದ ಸೇನಾವೈದ್ಯ ಡೇವಿಡ್ ಬ್ರೂಸನು, ಅಲ್ಲಿನ ದನಗಳನ್ನು ಕೊಲ್ಲುತ್ತಿದ್ದ 'ನಾಗಾನ'ಕ್ಕೆ ಅದೇ ಕುಲದ ಜೀವಿಯೇ ಕಾರಣವೆಂದೂ, ತ್ಸೆತ್ಸೆ ನೊಣವೇ ಅದರ ವಾಹಕವೆಂದೂ ತೋರಿಸಿದನು. ಕಾಡುಮೃಗಗಳು ಈ ಜೀವಿಯನ್ನು ಹೊತ್ತೂ ಹೆಚ್ಚಾಗಿ ರೋಗಕ್ಕೆ ಈಡಾಗುವುದಿಲ್ಲ. ಹಾಗಾದರೆ ಮೃಗಗಳನ್ನೇ ನಿರ್ಮೂಲ ಮಾಡಬೇಕೆಂಬ ವಾದ ಹುಟ್ಟಿತು. ದಕ್ಷಿಣ ರೊಡೇಷಿಯಾ ಒಂದರಲ್ಲಿಯೇ ಲಕ್ಷಗಟ್ಟಲೆ ಮೃಗಗಳು ಗುಂಡಿಗೆ ಬಲಿಯಾದುವು.

1970ರ ದಶಕದಲ್ಲಿ ಗ್ಲಿನ್ ವೇಲ್ ಬೇರೆ ದಾರಿ ಹಿಡಿದರು. ಜಾಂಬೆಜಿ ಕಣಿವೆಯಲ್ಲಿ ಎತ್ತುಗಳನ್ನು ನೆಲಮಾಳಿಗೆಯಲ್ಲಿ ಮರೆಯಾಗಿಟ್ಟು, ಅವುಗಳ ವಾಸನೆಯ ಗಾಳಿಯನ್ನು ಮಾತ್ರ ಕೊಳವೆಯ ಮೂಲಕ ಹೊರಬಿಟ್ಟರು. ಎತ್ತು ಕಣ್ಣಿಗೆ ಬೀಳದಿದ್ದರೂ ನೊಣಗಳು ಬಂದು ಮುತ್ತಿದುವು. ಆ ಗಂಧದ ಅಂಶಗಳು ಮುಂದೆ ಒಂದೊಂದಾಗಿ ತಿಳಿದುಬಂದುವು: ಉಸಿರಿನಲ್ಲಿ ಅಸಿಟೋನ್, 1984ರಲ್ಲಿ ಗುರುತಿಸಲಾದ ಆಕ್ಟಿನಾಲ್, ಮೂತ್ರದಲ್ಲಿ ಫೀನಾಲುಗಳು. ಇವುಗಳನ್ನು ಕೀಟನಾಶಕ ಲೇಪಿಸಿದ ಕಪ್ಪು ಬಟ್ಟೆಯ ಬಳಿ ಇರಿಸಿದರೆ ನೊಣವು ತಾನಾಗಿ ಬಂದು ಸಾಯುತ್ತದೆ. ಚದರ ಕಿಲೋಮೀಟರಿಗೆ ಇಂಥ ನಾಲ್ಕೇ ಬಟ್ಟೆಗಳು ಸಾಕಾಗಲು ಕಾರಣವುಂಟು. ಹೆಣ್ಣು ತ್ಸೆತ್ಸೆಯು ಸುಮಾರು ಒಂಬತ್ತು ಹತ್ತು ದಿನಗಳಿಗೊಮ್ಮೆ ಒಂದೇ ಮರಿಹುಳುವನ್ನು ಹೆರುತ್ತದೆ; ಆದುದರಿಂದ ದಿನಕ್ಕೆ ಶೇಕಡ 4ರಷ್ಟು ಹೆಣ್ಣುಗಳು ಹೆಚ್ಚಾಗಿ ಸತ್ತರೂ ಅದರ ಸಂತತಿ ಕ್ಷೀಣಿಸುತ್ತದೆ.

ಕರೆಯುವ ಗಂಧವಿದ್ದಂತೆ ಓಡಿಸುವ ಗಂಧವೂ ಉಂಟು. ನೊಣದ ಹೊಟ್ಟೆಯಲ್ಲಿನ ರಕ್ತವನ್ನು ಪರೀಕ್ಷಿಸಿದಾಗ, 'ವಾಟರ್‌ಬಕ್' ಎಂಬ ಜಿಂಕೆಯಂಥ ಮೃಗವು ನೊಣಗಳ ನಡುವೆಯೇ ಬಾಳಿದರೂ ಅದರ ರಕ್ತ ತೀರ ವಿರಳವೆಂದು ಕಂಡುಬಂದಿತು. ಥಾಮಸ್ ಒಡಿಯಾಂಬೊ ಅವರು 1970ರಲ್ಲಿ ನೈರೋಬಿಯಲ್ಲಿ ಸ್ಥಾಪಿಸಿದ ಕೀಟವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಆ ಮೃಗದ ಮೈಗಂಧದ ಅಂಶಗಳನ್ನು ಬೇರ್ಪಡಿಸಿ, ಅವನ್ನು ಮೆಲ್ಲಮೆಲ್ಲನೆ ಸೂಸುವ ಪಟ್ಟಿಗಳನ್ನು ದನಗಳ ಕೊರಳಿಗೆ ಕಟ್ಟಿದರು. ಕೀನ್ಯಾದ ಕ್ವಾಲೆಯಲ್ಲಿ ನಡೆದ ಈ ಪ್ರಯೋಗದ ಫಲವು 2017ರಲ್ಲಿ ಪ್ರಕಟವಾಯಿತು. ರೋಗವು ಶೇಕಡ 80ಕ್ಕೂ ಮಿಕ್ಕಿ ಇಳಿದಿತ್ತು.

ಯಾವ ಮೃಗಕುಲವನ್ನು ದನದ ಶತ್ರುವೆಂದು ಬಗೆದು ಕೊಲ್ಲಲಾಯಿತೋ, ಅದರಲ್ಲಿಯೇ ದನವನ್ನು ಕಾಯುವ ವಿದ್ಯೆ ಅಡಗಿದ್ದಿತು. ಅರಿಯುವ ಮೊದಲೇ ಅಳಿಸುವ ಆತುರಕ್ಕೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಕಿಲ್ಲ.