ನೀಲಗಿರಿಯ ಕಾಯಿಪಲ್ಲೆಯ ತೋಟಗಳು

ಉದಕಮಂಡಲಕ್ಕೆ ಬರುವ ಯಾತ್ರಿಕರು ಅಲ್ಲಿಯ ಸರ್ಕಾರಿ ಸಸ್ಯೋದ್ಯಾನದ ಹುಲ್ಲುಹಾಸನ್ನು ಕಂಡು ಬೆರಗಾಗುವುದುಂಟು. ದೊಡ್ಡಬೆಟ್ಟದ ಇಳಿಜಾರಿನಲ್ಲಿ ಸುಮಾರು 22 ಹೆಕ್ಟೇರು ನೆಲವನ್ನು ಆವರಿಸಿರುವ ಈ ರಮಣೀಯ ಉದ್ಯಾನವು ಅಡಿಗೆಮನೆಯ ಅಗತ್ಯದಿಂದ ಹುಟ್ಟಿತೆಂದರೆ ನಂಬುವವರು ವಿರಳ. 1845ರಲ್ಲಿ ಊರಿನ ಐರೋಪ್ಯ ನಿವಾಸಿಗಳು ತಿಂಗಳಿಗೆ 3 ರೂಪಾಯಿಯಂತೆ ವಂತಿಗೆ ಕೂಡಿಸಿ, ತಮ್ಮ ಊಟಕ್ಕೆ ಬೇಕಾದ ತರಕಾರಿಯನ್ನು ಬೆಳೆಸಲು ಒಂದು ತೋಟ ಹೂಡಿದರು. ವಂತಿಗೆದಾರರಿಗೆ ಅಲ್ಲಿಂದ ಕಾಯಿಪಲ್ಲೆ ಸಿಕ್ಕುತ್ತಿದ್ದಿತು. ಈ ಏರ್ಪಾಡು ನೆಟ್ಟಗೆ ನಡೆಯಲಿಲ್ಲ. ಎರಡು ವರ್ಷಗಳಲ್ಲಿ ಸಮಿತಿಯೊಂದು ಏರ್ಪಟ್ಟು, ಸಾರ್ವಜನಿಕ ಉದ್ಯಾನದ ಯೋಜನೆ ಸಿದ್ಧವಾಯಿತು. 1848ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ಬಂದ ವಿಲಿಯಂ ಗ್ರಹಾಂ ಮೆಕ್‌ಐವರ್ ಎಂಬಾತನು ಜೌಗು ನೆಲವನ್ನು ಬಸಿದು, ಕಾಡನ್ನು ತಿದ್ದಿ, ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಸುಮಾರು ಹತ್ತು ವರ್ಷಗಳ ದುಡಿಮೆಯಿಂದ ಇಂದಿನ ರೂಪಕ್ಕೆ ಅಡಿಗಲ್ಲಿಟ್ಟನು.

ಆದರೆ ಈ ಬೆಟ್ಟದ ಮಣ್ಣಿನ ಚರಿತ್ರೆ ಬಿಳಿಯರ ತೋಟಗಾರಿಕೆಯಿಂದ ಆರಂಭವಾಗುವುದೆಂದು ಬರೆಯುವುದು ಅನ್ಯಾಯ. ಬಡಗು, ಎಂದರೆ ಉತ್ತರ ದಿಕ್ಕಿನ ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದುದರಿಂದಲೇ ಬಡಗರೆಂದು ಹೆಸರಾದ ಜನ ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ಇಲ್ಲಿ ಹಟ್ಟಿಗಳನ್ನು ಕಟ್ಟಿದ್ದರು. 1603ರಲ್ಲಿ ಬಂದ ಪಾದ್ರಿ ಫಿನೀಸಿಯೋ ತನ್ನ ವರದಿಯಲ್ಲಿ ಅವರನ್ನು ಹೆಸರಿಸಿದ್ದಾನೆ. ನಮ್ಮ ಕನ್ನಡಕ್ಕೆ ಒಡಹುಟ್ಟಾದ ನುಡಿಯನ್ನಾಡುವ ಈ ಜನ ರಾಗಿ, ಸಾಮೆ, ಕೊರಲೆ, ಜವೆಗೋಧಿಗಳನ್ನು ಬೆಳೆಯುತ್ತಿದ್ದರು. ಗುದ್ದಲಿ ಕುಡುಗೋಲುಗಳನ್ನು ಕೋತರ ಕಮ್ಮಟಗಳು ಒದಗಿಸುತ್ತಿದ್ದವು. ಹಟ್ಟಿಯ ಹತ್ತಿರದ ಹೊಲಕ್ಕೆ ಕೊಟ್ಟಿಗೆಯ ಗೊಬ್ಬರ ಬೀಳುತ್ತಿದ್ದಿತು. ದೂರದ ನೆಲವನ್ನು ಕೆಲವು ವರ್ಷ ಉತ್ತು, ಸಾರ ಕುಂದಿದೊಡನೆ ಬೀಳುಬಿಟ್ಟು, ಬೇರೆಡೆಗೆ ಹೋಗುತ್ತಿದ್ದರು. ಕಂದಾಯದ ಕಾಗದಗಳು ಇದನ್ನು ಬುರ್ತಿ ಪದ್ಧತಿಯೆಂದು ಕರೆದವು. ಅಧಿಕಾರಿಗಳ ಕಣ್ಣಿಗೆ ಇದು ಸೋಮಾರಿತನವಾಗಿ ಕಂಡಿತು. ಬೆಟ್ಟದ ಮಣ್ಣನ್ನು ಬಲ್ಲವರಿಗೆ ಅದರ ಕಾರಣ ಬೇರೆಯೇ ತೋರುತ್ತದೆ. ಇಲ್ಲಿಯದು ಜಂಬಿಟ್ಟಿಗೆಯ ಜಾತಿಯ ಕೆಂಪು ಮಣ್ಣು. ಮಳೆ ಅದರ ಸುಣ್ಣದಂಶವನ್ನು ತೊಳೆದೊಯ್ದು ಹುಳಿಯನ್ನೇ ಉಳಿಸುತ್ತದೆ. ಇಂತಹ ನೆಲಕ್ಕೆ ವಿಶ್ರಾಂತಿಯೇ ದೊಡ್ಡ ಗೊಬ್ಬರ.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿ, ಕೋತಗಿರಿಯ ಬಳಿಯ ದಿಂಬಟ್ಟಿಯಲ್ಲಿ ಬಿಡಾರ ಹೂಡಿದನು. ಬಳಿಕ ಉದಕಮಂಡಲದಲ್ಲಿ ಮನೆ ಕಟ್ಟಿಸಿ, ಅದರ ಸುತ್ತ ಇಂಗ್ಲೆಂಡಿನ ಹಣ್ಣು ತರಕಾರಿಗಳನ್ನು ಬೆಳೆಸಿದನು. ತೊದವರಿಂದ ಅವನು ಆ ನೆಲವನ್ನು ಎಕರೆಗೆ 1 ರೂಪಾಯಿಯಂತೆ ಕೊಂಡನು! ಉರುಳೆಗಡ್ಡೆ ಮತ್ತು ಕೋಸು ಇಲ್ಲಿಗೆ ಬಂದುದು ಇಂತಹ ಹಿತ್ತಲುಗಳ ಮೂಲಕ. 1830ರ ಸುಮಾರಿಗೆ ಮದರಾಸಿನ ಗವರ್ನರ್ ಲಷಿಂಗ್‌ಟನ್ ಕೇತಿಯ ಕಣಿವೆಯಲ್ಲಿ ಸರ್ಕಾರದ ಪ್ರಯೋಗಕ್ಷೇತ್ರವನ್ನು ತೆರೆಯಿಸಿದನು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಕ್ಷೇತ್ರ ಮುಚ್ಚಿದರೂ ಬೀಜ ಮುಚ್ಚಿಹೋಗಲಿಲ್ಲ: ಬಡಗ ರೈತರು ಹೊಸ ಗೆಡ್ಡೆಯನ್ನು ತಮ್ಮದನ್ನಾಗಿ ಮಾಡಿಕೊಂಡರು. ಇಂದು ಅದೇ ಕೇತಿಯ ಕಣಿವೆ ಗಜ್ಜರಿಗೆ ಹೆಸರುವಾಸಿ. ಈ ಸಾಧನೆಯನ್ನು ಗವರ್ನರರ ಲೆಕ್ಕಕ್ಕೆ ಬರೆಯುವ ಗ್ರಂಥಗಳು, ಚಳಿಯಲ್ಲಿ ಬಗ್ಗಿ ಕಳೆ ಕಿತ್ತ ಹೆಂಗಸರ ಮಾತನ್ನೆತ್ತುವುದು ಅಪರೂಪ.

ಹುಲ್ಲುಹಾಸಿನ ವಿಷಯ ಹೇಳುವುದಾದರೆ, ಅದು ಬಂಗಲೆಗಳ ಬಿಂಕದ ವಸ್ತು. ಡಿಸೆಂಬರು ಜನವರಿಗಳಲ್ಲಿ ಹಿಮ ಕಟ್ಟಿದಾಗ ಹುಲ್ಲು ಸುಟ್ಟಂತೆ ಕಂದುತ್ತದೆ; ಆದುದರಿಂದ ಸೂರ್ಯನ ಬಿಸಿಲು ತಾಕುವ ಮೊದಲೇ ನೀರು ಚಿಮುಕಿಸಿ ಹಿಮವನ್ನು ಕರಗಿಸುವ ವಾಡಿಕೆಯಿದೆ. ಪೂರ್ವ ಆಫ್ರಿಕದಿಂದ ಬಂದ ಕಿಕುಯು ಹುಲ್ಲು ಬಳ್ಳಿಯಂತೆ ಹಬ್ಬಿ ಇಳಿಜಾರಿನ ಮಣ್ಣನ್ನು ಹಿಡಿದಿಡುವುದೇನೋ ನಿಜ. ಆದರೆ ಪಾತಿಯೊಳಗೆ ಒಮ್ಮೆ ನುಗ್ಗಿತೆಂದರೆ ಅದನ್ನು ಬೇರುಸಹಿತ ಕೀಳುವುದು ಯಾವ ಗೃಹಿಣಿಗೂ ಸುಲಭವಲ್ಲ.

ಮಣ್ಣಿಗೆ ನಿಜವಾದ ಪೆಟ್ಟು ಬಿದ್ದುದು ಉರುಳೆಗಡ್ಡೆ ಹಿತ್ತಲಿನಿಂದ ಗುಡ್ಡಕ್ಕೆ ಹರಡಿದ ಮೇಲೆ. ಇಳಿಜಾರಿನುದ್ದಕ್ಕೂ ಮೇಲಿಂದ ಕೆಳಕ್ಕೆ ಏರುಸಾಲು ಎತ್ತಿದರೆ ಮಳೆನೀರು ನಿಲ್ಲದೆ ಹರಿದು ಗೆಡ್ಡೆಗೆ ಹಿತವೇ; ಆದರೆ ಅದೇ ಸಾಲು ಮೇಲ್ಮಣ್ಣು ಹಳ್ಳಕ್ಕೆ ಸಾಗುವ ಹೆದ್ದಾರಿಯೂ ಆಗುತ್ತದೆ. ಉದಕಮಂಡಲದಲ್ಲಿ 1954ರಲ್ಲಿ ಮಣ್ಣಿನ ಸಂರಕ್ಷಣೆಯ ಸಂಶೋಧನಾ ಕೇಂದ್ರ ಸ್ಥಾಪಿತವಾದುದು ಸಕಾಲಿಕವಾಯಿತು. ಸಮಪಾತಳಿಯ ಮೆಟ್ಟಿಲುಗದ್ದೆಗಳು ಅಲ್ಲಿಂದೀಚೆಗೆ ಹೆಚ್ಚಿದವು. ಅಷ್ಟರಲ್ಲಿ ಬೇರೊಂದು ವಿಪತ್ತು ಕಾದಿದ್ದಿತು. 1961ರಲ್ಲಿ ಇಲ್ಲಿಯ ಉರುಳೆಗಡ್ಡೆಯ ಬೇರಿನಲ್ಲಿ ಬಂಗಾರದ ಬಣ್ಣದ ಕೋಶ ಕಟ್ಟುವ ಸೂಕ್ಷ್ಮವಾದ ಜಂತುಹುಳು ಪತ್ತೆಯಾಯಿತು. ಅದರ ಕೋಶ ಸಾಸಿವೆಗಿಂತಲೂ ಚಿಕ್ಕದು. ಒಳಗಿನ ಮೊಟ್ಟೆಗಳಾದರೋ ಆಹಾರ ದೊರೆಯದಿದ್ದರೂ ಅನೇಕ ವರ್ಷ ಮಣ್ಣಿನಲ್ಲಿ ಬದುಕಿರಬಲ್ಲವು. ಒಂದೇ ಗೆಡ್ಡೆಯನ್ನು ವರ್ಷವರ್ಷವೂ ಅದೇ ಮಣ್ಣಿಗಿಟ್ಟರೆ ಅವಕ್ಕೆ ಸುಗ್ಗಿ. ಪರಿಹಾರವಾಗಿ ವಿಜ್ಞಾನಿಗಳು ಬೆಳೆಯ ಸರದಿಯನ್ನು ಸೂಚಿಸಿದರು: ಗೆಡ್ಡೆಯ ಬಳಿಕ ಕೋಸು, ಗಜ್ಜರಿ, ಹುರುಳಿಕಾಯಿ, ಬೆಳ್ಳುಳ್ಳಿ. 1985ರಲ್ಲಿ ಈ ಹುಳುವನ್ನು ತಾಳಿಕೊಳ್ಳುವ ಕುಫ್ರಿ ಸ್ವರ್ಣ ಎಂಬ ತಳಿಯೂ ಬಂದಿತು. ನೆಲಕ್ಕೆ ಬಿಡುವು ಕೊಡುತ್ತಿದ್ದ ಹಳೆಯ ಬುರ್ತಿಯನ್ನು ಹಳಿದವರು ಇದನ್ನು ಕೇಳಬೇಕಾಗಿದ್ದಿತು.

ಈ ನಡುವೆ ಎಷ್ಟೋ ಹೊಲಗಳು ಚಹದ ತೋಟಗಳಾದವು. ಚಹ ಮಣ್ಣನ್ನು ಹಿಡಿಯುತ್ತದೆ, ಆದರೆ ಮಡಕೆಗೆ ಏನನ್ನೂ ಹಾಕುವುದಿಲ್ಲ. 1990ರ ದಶಕದ ಕೊನೆಯಲ್ಲಿ ಹಸಿರೆಲೆಯ ಬೆಲೆ ಕುಸಿದಾಗ ಸಣ್ಣ ಹಿಡುವಳಿದಾರರು ಪಟ್ಟ ಬವಣೆ ಇಲ್ಲಿಯವರಿಗೆ ಮರೆತಿಲ್ಲ. ಸಂತೆಯಿಂದಲೇ ಎಲ್ಲವನ್ನೂ ತರಬೇಕಾಗಿದ್ದ ಮನೆಗಳಿಗೆ ಅದು ಹೆಚ್ಚು ತಟ್ಟಿತು. ಹಿತ್ತಲಲ್ಲಿ ನಾಲ್ಕು ಪಾತಿ ಸೊಪ್ಪು, ಬೇಲಿಗೆ ಒಂದು ಅವರೆಯ ಬಳ್ಳಿ ಉಳಿಸಿಕೊಂಡಿದ್ದವರಿಗೆ ಅಷ್ಟು ತಟ್ಟಲಿಲ್ಲ. ಹಟ್ಟಿಗಳಲ್ಲಿ ಇಂದಿಗೂ ಅವರೆಯ ಉದಕಕ್ಕೆ ಉರುಳೆಗಡ್ಡೆಯನ್ನು ಹೆಚ್ಚಿಹಾಕುತ್ತಾರೆ. ಅದು ಸಲಿವನ್ನನ ಕಾಲದಲ್ಲಿ ಹಡಗೇರಿ ಬಂದ ಗೆಡ್ಡೆಯೆಂಬುದು ಉಣ್ಣುವವರ ಮನಸ್ಸಿಗೆ ಬರುವುದೇ ಇಲ್ಲ.