ಹಸಿರು ಅಂಗಿಯ ವೀರ ಹೆಣ್ಣಾಗಬಹುದೆ?

ವಿಡಿಯೋ ಗೇಮ್ ಎಂದೊಡನೆ ಮುಖ ತಿರುಗಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಆದರೆ ಈ ಆಟಗಳಿಗೂ ಈಗ ದಶಕಗಳ ಪುರಾಣ ಬೆಳೆದಿದೆ. ಪುರಾಣವೆಂದ ಮೇಲೆ ತಕರಾರು ಇರಲೇಬೇಕಲ್ಲ! ಮೊದಲಿನಿಂದ ಗಂಡಾಗಿಯೇ ಬಂದ ಕಥಾನಾಯಕ ಮುಂದೆ ಹೆಣ್ಣಾಗಬಹುದೆ ಎಂಬುದು ಅಂಥದೊಂದು ತಕರಾರು.

ಜಪಾನಿನ ನಿಂಟೆಂಡೊ ಕಂಪನಿ 1986ರ ಫೆಬ್ರವರಿಯಲ್ಲಿ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಅದನ್ನು ರೂಪಿಸಿದವರು. ಆಟಕ್ಕೆ ಹೆಸರು ರಾಜಕುಮಾರಿ ಜೆಲ್ಡಾಳದು; ಕತ್ತಿ ಮಾತ್ರ ಲಿಂಕ್ ಎಂಬ ಹುಡುಗನದು. ಅವಳು ಸೆರೆಯಲ್ಲಿರುವುದು, ಇವನು ಬಿಡಿಸುವುದು. ಅದೇ ವರ್ಷ ಅದೇ ಕಂಪನಿಯ ‘ಮೆಟ್ರಾಯ್ಡ್’ ಆಟವನ್ನು ಬೇಗ ಮುಗಿಸಿದವರಿಗೆ, ಕವಚದೊಳಗಿದ್ದ ಯೋಧ ಹೆಣ್ಣೆಂದು ಕೊನೆಯಲ್ಲಿ ತಿಳಿಯುತ್ತಿತ್ತು. ಹೆಣ್ಣು ಯೋಧೆಯ ಕಲ್ಪನೆ ಇವರಿಗೆ ಹೊಸದಾಗಿರಲಿಲ್ಲ ಎಂದಾಯಿತು.

ಲಿಂಕ್ ಒಬ್ಬನೇ ವ್ಯಕ್ತಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೇರೆ ಬೇರೆ ಯುಗಗಳಲ್ಲಿ ಬೇರೆ ಬೇರೆ ಹುಡುಗರು ಆ ಹೆಸರು ಹೊತ್ತು ಬರುತ್ತಾರೆ. 2002ರ ‘ವಿಂಡ್ ವೇಕರ್’ನಲ್ಲಂತೂ ದ್ವೀಪದ ಹುಡುಗರು ಪ್ರಾಯಕ್ಕೆ ಬಂದಾಗ ಹಳೆಯ ವೀರನ ನೆನಪಿಗಾಗಿ ಹಸಿರು ಅಂಗಿ ತೊಡುವ ಪದ್ಧತಿಯೇ ಇದೆ. ಅಂಬೆಯೇ ಶಿಖಂಡಿಯಾಗಿ ಹುಟ್ಟಿದ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ತೊಡಕೇನೂ ಕಾಣದು. ಹುಡುಗಿಯೊಬ್ಬಳು ಆ ಅಂಗಿ ತೊಟ್ಟರೆ ಪರಂಪರೆ ಕೆಡುತ್ತದೆ ಎನ್ನುವವರಿಗೆ ಕಥೆಯೊಳಗೆ ಆಧಾರ ಕಡಿಮೆ.

ಇದೇ ಆಟವನ್ನು ಮಗಳೊಡನೆ ಆಡುತ್ತಿದ್ದ ತಂದೆಯೊಬ್ಬ, ಪರದೆಯ ಮೇಲಿನ ಮಾತುಗಳನ್ನು ಅವಳಿಗೆ ಓದಿಹೇಳುವಾಗ ‘ಅವನು’ ಇದ್ದಲ್ಲೆಲ್ಲ ‘ಅವಳು’ ಎನ್ನುತ್ತಿದ್ದ. 2012ರಲ್ಲಿ ಅವನು ಆಟದ ಕಡತವನ್ನೇ ತಿದ್ದಿಬಿಟ್ಟ. ಹೊಸ ಮಾತು ಹಳೆಯದರ ಜಾಗದಲ್ಲೇ ಹಿಡಿಸಬೇಕಾದ್ದರಿಂದ ಅಕ್ಷರ ಎಣಿಸಿ ಎಣಿಸಿ ಮಾಡಿದ ಕೆಲಸವದು. (ಕನ್ನಡವಾಗಿದ್ದರೆ ಪಾಪ, ‘ಬಂದನು’ ‘ಹೋದನು’ಗಳ ಬಾಲವನ್ನೂ ತಿದ್ದಬೇಕಾಗುತ್ತಿತ್ತು!) ತನ್ನ ಮಗಳು ಕಥೆಯ ಹೊರಗೆ ನಿಲ್ಲಬಾರದೆಂಬ ಆ ಹಟ ನಮಗೆ ಬಹಳ ಹಿಡಿಸಿತು.

ಕಂಪನಿಯವರು ಮಾತ್ರ ಹಿಂದೆ ಮುಂದೆ ನೋಡುತ್ತಲೇ ಇದ್ದರು. 2014ರಲ್ಲಿ ಹೊಸ ಆಟದ ತುಣುಕು ಕಂಡವರು ‘ಇವನು ಹುಡುಗನೋ ಹುಡುಗಿಯೋ’ ಎಂದು ಗುಲ್ಲೆಬ್ಬಿಸಿದಾಗ, ನಿರ್ಮಾಪಕ ಎಯ್ಜಿ ಅವೊನುಮಾ ಅವನು ಲಿಂಕನೇ ಎಂದು ಸ್ಪಷ್ಟಪಡಿಸಬೇಕಾಯಿತು. 2016ರಲ್ಲಿ ಅವರೇ ಜೆಲ್ಡಾಳನ್ನು ನಾಯಕಿಯಾಗಿಸಿದರೆ ಲಿಂಕ್‌ಗೇನು ಕೆಲಸ ಎಂದೂ ಕೇಳಿದರು. ರಾಜಕುಮಾರಿ ಸೆರೆಯಲ್ಲಿ ಕುಳಿತಿದ್ದಷ್ಟು ಕಾಲವೂ ಈ ಪ್ರಶ್ನೆಯನ್ನು ಅವಳ ಪರವಾಗಿ ಕೇಳಬಹುದಾಗಿತ್ತಲ್ಲ!

ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ‘ಎಕೋಸ್ ಆಫ್ ವಿಸ್ಡಮ್’ ಬಂತು. ಅದರಲ್ಲಿ ಲಿಂಕ್ ಕಣ್ಮರೆಯಾಗುತ್ತಾನೆ. ಹುಡುಕಿ ಕಾಪಾಡುವವಳು ಜೆಲ್ಡಾ. ನಿರ್ದೇಶಕಿ ತೊಮೊಮಿ ಸಾನೊ, ಈ ಸರಣಿಯನ್ನು ನಿರ್ದೇಶಿಸಿದ ಮೊದಲ ಮಹಿಳೆ. ಲಿಂಕ್‌ಗೆ ಲಂಗ ತೊಡಿಸುವುದಕ್ಕಿಂತ ಹೆಸರಿನ ಒಡತಿಗೇ ಅವಳದೇ ಆದ ಸಾಹಸ ಕೊಟ್ಟದ್ದು ಮೇಲೆಂದು ನಮ್ಮ ಅಭಿಪ್ರಾಯ. ಆದರೆ ಅದರಿಂದ ಮೂಲ ತಕರಾರು ಬಗೆಹರಿಯಲಿಲ್ಲ. ಜೆಲ್ಡಾಳ ಮುಖ್ಯ ಆಯುಧ ಕಂಡ ವಸ್ತುಗಳ ಪ್ರತಿರೂಪ ಮೂಡಿಸುವ ಮಂತ್ರದಂಡ. ಕತ್ತಿ ಅವಳ ಕೈಗೆ ಬರುವುದು ಸ್ವಲ್ಪ ಹೊತ್ತು ಮಾತ್ರ. ಶಕ್ತಿ ಮುಗಿದೊಡನೆ ಅದು ಮಾಯವಾಗುತ್ತದೆ.