ಉದ್ಯಮ ಬಳಕೆಯ ರಿಲೇಷನಲ್ ಡೇಟಾಬೇಸ್‌ಗಳು: ಪೈಪೋಟಿ ಮತ್ತು ಹೋಲಿಕೆಯ ಇತಿಹಾಸ

ಸಾಲು, ಕಾಲಂಗಳಿರುವ ಟೇಬಲ್‌ಗಳಲ್ಲಿ ಮಾಹಿತಿಯನ್ನು ಇಟ್ಟುಕೊಂಡು, ಎಸ್‌ಕ್ಯುಎಲ್ ಭಾಷೆಯಲ್ಲಿ ಕೇಳಿದ್ದನ್ನು ಹುಡುಕಿ ಕೊಡುವ ತಂತ್ರಾಂಶಕ್ಕೆ ರಿಲೇಷನಲ್ ಡೇಟಾಬೇಸ್ ಎಂದು ಹೆಸರು. ಬ್ಯಾಂಕು, ವಿಮಾ ಕಂಪನಿ, ಕಾರ್ಖಾನೆ, ಸರ್ಕಾರಿ ಇಲಾಖೆಗಳ ಲೆಕ್ಕಪತ್ರ ಬಹುಮಟ್ಟಿಗೆ ಇದರ ಮೇಲೆಯೇ ನಡೆಯುತ್ತದೆ. ಒರಾಕಲ್, ಐಬಿಎಂನ ಡಿಬಿ2 ಮತ್ತು ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಗಳಲ್ಲಿ ಮುಖ್ಯವಾದವು. ಪೋಸ್ಟ್‌ಗ್ರೆಸ್‌ಕ್ಯುಎಲ್ ಮತ್ತು ಮೈಎಸ್‌ಕ್ಯುಎಲ್ ಮುಕ್ತ ತಂತ್ರಾಂಶಗಳು. ಐದಕ್ಕೂ ತತ್ವ ಒಂದೇ, ಭಾಷೆಯೂ ಹೆಚ್ಚುಕಡಿಮೆ ಒಂದೇ. ಆದರೂ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ದೊಡ್ಡ ಸಂಸ್ಥೆಯೊಂದಕ್ಕೆ ವರ್ಷಗಟ್ಟಲೆಯ ಕೆಲಸ. ಯಾವುದು ಮೇಲು ಎಂಬ ಚರ್ಚೆಯಲ್ಲಿ ವೇಗದ ಪಟ್ಟಿಗಳದ್ದೇ ಸದ್ದು ಜಾಸ್ತಿ. ಆದರೆ ಆಯ್ಕೆಯನ್ನು ತೀರ್ಮಾನಿಸಿದ್ದು ಹೆಚ್ಚಾಗಿ ಒಳಗಿನ ನಡವಳಿಕೆಯ ವ್ಯತ್ಯಾಸ, ಲೈಸೆನ್ಸ್ ಕರಾರು ಮತ್ತು ಡೇಟಾಬೇಸಿನ ಮೇಲೆ ಕೂತ ಅಪ್ಲಿಕೇಶನ್.

ಮೂಲ

1960ರ ದಶಕದ ಡೇಟಾಬೇಸ್‌ಗಳಲ್ಲಿ ಮಾಹಿತಿ ಎಲ್ಲಿದೆ ಎನ್ನುವುದರ ಜೊತೆಗೆ ಅಲ್ಲಿಗೆ ಹೋಗುವ ದಾರಿಯೂ ಪ್ರೋಗ್ರಾಮರ್‌ಗೆ ಗೊತ್ತಿರಬೇಕಿತ್ತು. ಅಪೊಲೊ ಚಂದ್ರಯಾನದ ಬಿಡಿಭಾಗಗಳ ಪಟ್ಟಿ ಇಡಲು ಐಬಿಎಂ ಕಟ್ಟಿದ ಐಎಂಎಸ್ ವ್ಯವಸ್ಥೆಯಲ್ಲಿ ದಾಖಲೆಗಳು ಮರದ ಕೊಂಬೆಗಳಂತೆ ಒಂದರ ಕೆಳಗೊಂದು ಜೋಡಣೆಯಾಗಿದ್ದವು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಚಾರ್ಲ್ಸ್ ಬಾಕ್‌ಮನ್ ರೂಪಿಸಿದ ಐಡಿಎಸ್‌ನಲ್ಲಿ ಕೊಂಡಿಯಿಂದ ಕೊಂಡಿಗೆ ನಡೆದು ಹೋಗಬೇಕಿತ್ತು. ಜೋಡಣೆ ಬದಲಾಯಿತೆಂದರೆ ಪ್ರೋಗ್ರಾಮನ್ನೂ ತಿದ್ದಬೇಕು.

ಈ ಅವಲಂಬನೆಯನ್ನು ಕಡಿಯಲು ಹೊರಟವರು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಇಂಗ್ಲೆಂಡ್ ಮೂಲದ ಗಣಿತಜ್ಞ ಇ. ಎಫ್. ಕಾಡ್. 1970ರ ಜೂನ್‌ನಲ್ಲಿ ಪ್ರಕಟವಾದ ಅವರ ಪ್ರಬಂಧದ ವಾದ ಸರಳ: ಬಳಸುವವನು ಏನು ಬೇಕೆಂದಷ್ಟೇ ಹೇಳಲಿ, ಹೇಗೆ ತರಬೇಕೆಂಬುದು ಯಂತ್ರದ ತಲೆನೋವು. ಐಎಂಎಸ್‌ನಿಂದ ಚೆನ್ನಾಗಿ ಗಳಿಸುತ್ತಿದ್ದ ಐಬಿಎಂಗೆ ತನ್ನ ಸರಕಿಗೆ ತಾನೇ ಪೈಪೋಟಿ ಒಡ್ಡುವ ಆತುರವಿರಲಿಲ್ಲ. 1974ರ ಹೊತ್ತಿಗೆ ಅದೇ ಪ್ರಯೋಗಾಲಯದಲ್ಲಿ ಸಿಸ್ಟಮ್ ಆರ್ ಯೋಜನೆ ಶುರುವಾಯಿತು. ಡಾನ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಸೀಕ್ವೆಲ್ ಭಾಷೆ, ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ ಮುಂದೆ ಎಸ್‌ಕ್ಯುಎಲ್ ಆಯಿತು. ಹಲವು ಹೆಜ್ಜೆಗಳ ಕೆಲಸ ಆದರೆ ಪೂರ್ತಿ ಆಗಬೇಕು, ಇಲ್ಲವಾದರೆ ಏನೂ ಆಗಬಾರದು ಎಂಬ ವಹಿವಾಟುಗಳ (ಟ್ರಾನ್ಸಾಕ್ಷನ್) ಸಿದ್ಧಾಂತವನ್ನು ಜಿಮ್ ಗ್ರೇ ಬೆಳೆಸಿದರು. ಒಂದೇ ಪ್ರಶ್ನೆಗೆ ಉತ್ತರ ತರುವ ಹಲವು ದಾರಿಗಳ ಖರ್ಚನ್ನು ಅಂದಾಜು ಮಾಡಿ ಅಗ್ಗದ್ದನ್ನು ಆರಿಸುವ ಆಪ್ಟಿಮೈಸರ್ ಅನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದರು. ಇಂದಿಗೂ ಎಲ್ಲ ದೊಡ್ಡ ಡೇಟಾಬೇಸ್‌ಗಳ ಆಪ್ಟಿಮೈಸರ್ ಈ ವಿಚಾರದ ಋಣದಲ್ಲಿದೆ. ಅತ್ತ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಇಂಗ್ರೆಸ್ ಕಟ್ಟುತ್ತಿದ್ದರು. ಅದರ ಭಾಷೆ ಕ್ವೆಲ್. ತರ್ಕಶುದ್ಧತೆಯಲ್ಲಿ ಅದೇ ಮೇಲೆಂದು ವಾದಿಸಿದವರು ಕಡಿಮೆಯಿಲ್ಲ; ಐಬಿಎಂನ ಬೆಂಬಲ ಮಾತ್ರ ಅದಕ್ಕಿರಲಿಲ್ಲ. 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾದದ್ದು ಎಸ್‌ಕ್ಯುಎಲ್.

ಮಾರುಕಟ್ಟೆ

ಐಬಿಎಂ ತನ್ನ ಸಂಶೋಧನೆಯನ್ನು ಧಾರಾಳವಾಗಿ ಪ್ರಕಟಿಸಿತು, ಸರಕನ್ನು ಮಾತ್ರ ತಡವಾಗಿ ತಂದಿತು. ಆ ಪ್ರಬಂಧಗಳನ್ನು ಓದಿಕೊಂಡ ಲ್ಯಾರಿ ಎಲಿಸನ್, ಬಾಬ್ ಮೈನರ್ ಮತ್ತು ಎಡ್ ಓಟ್ಸ್ 1977ರಲ್ಲಿ ಕಂಪನಿ ಕಟ್ಟಿ, 1979ರಲ್ಲಿ ಒರಾಕಲ್‌ನ ಎರಡನೇ ಆವೃತ್ತಿಯನ್ನು ಮಾರಾಟಕ್ಕಿಟ್ಟರು. ಮೊದಲನೇ ಆವೃತ್ತಿ ಎಂಬುದು ಇರಲೇ ಇಲ್ಲ. ಒಂದು ಎಂಬ ಸಂಖ್ಯೆ ನೋಡಿದರೆ ಗಿರಾಕಿ ಹಿಂಜರಿಯುತ್ತಾನೆಂಬ ಲೆಕ್ಕಾಚಾರ. ಆ ಆವೃತ್ತಿಯಲ್ಲಿ ವಹಿವಾಟನ್ನು ಅರ್ಧದಲ್ಲಿ ಹಿಂತೆಗೆದುಕೊಳ್ಳುವ ಸೌಲಭ್ಯವೂ ಇರಲಿಲ್ಲ. ಇಡೀ ತಂತ್ರಾಂಶವನ್ನು ಸಿ ಭಾಷೆಯಲ್ಲಿ ಮತ್ತೆ ಬರೆದ 1983ರ ಮೂರನೇ ಆವೃತ್ತಿಯಲ್ಲಿ ಅದು ಬಂತು. ಸಿ ಭಾಷೆಯಿಂದ ಇನ್ನೂ ದೊಡ್ಡ ಲಾಭವಾಯಿತು. ಐಬಿಎಂನ ಡಿಬಿ2 ಅದೇ 1983ರಲ್ಲಿ ಮೇನ್‌ಫ್ರೇಮ್‌ಗೆಂದೇ ಬಂದರೆ, ಒರಾಕಲ್ ಮಿನಿ ಕಂಪ್ಯೂಟರ್, ಯುನಿಕ್ಸ್ ಎನ್ನದೆ ಸಿಕ್ಕ ಯಂತ್ರಗಳ ಮೇಲೆಲ್ಲ ಓಡಿತು. ಯಂತ್ರ ಬದಲಾದರೂ ಡೇಟಾಬೇಸ್ ಬದಲಿಸಬೇಕಿಲ್ಲ ಎಂಬ ಮಾತಿಗೆ ಗಿರಾಕಿಗಳು ಹಣ ಕೊಟ್ಟರು.

ಇದೇ ಕಾಲದಲ್ಲಿ ಇನ್ಫಾರ್ಮಿಕ್ಸ್ ಮತ್ತು ಸೈಬೇಸ್ ಕೂಡ ಹುಟ್ಟಿದವು. 1987ರಲ್ಲಿ ಎಸ್‌ಕ್ಯುಎಲ್ ಸರ್ವರ್ ಹೆಸರಿನಲ್ಲಿ ಹೊರಬಂದ ಸೈಬೇಸ್‌ನ ಡೇಟಾಬೇಸ್, ಪ್ರೋಗ್ರಾಮಿನ ಒಂದು ಭಾಗವನ್ನು ಸ್ಟೋರ್ಡ್ ಪ್ರೊಸೀಜರ್ ರೂಪದಲ್ಲಿ ಡೇಟಾಬೇಸ್ ಒಳಗೇ ಇಡಲು ಬಿಟ್ಟಿತು. ನ್ಯೂಯಾರ್ಕಿನ ಷೇರು ವ್ಯಾಪಾರಿ ಸಂಸ್ಥೆಗಳಿಗೆ ಇದು ಹಿಡಿಸಿತು. ಸೈಬೇಸ್ ಜೊತೆ ಒಪ್ಪಂದ ಮಾಡಿಕೊಂಡ ಮೈಕ್ರೋಸಾಫ್ಟ್ 1989ರಲ್ಲಿ ಅದನ್ನೇ ಓಎಸ್/2 ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ತಂದಿತು. 1990ರ ದಶಕದ ನಡುವೆ ಎರಡೂ ಕಂಪನಿಗಳು ಬೇರೆಯಾದವು. ಒಳಭಾಗವನ್ನು ಬಹುಪಾಲು ಹೊಸದಾಗಿ ಬರೆದ 1998ರ 7.0 ಆವೃತ್ತಿಯ ನಂತರ ಮೈಕ್ರೋಸಾಫ್ಟ್ ಸ್ವಂತ ಕಾಲ ಮೇಲೆ ನಿಂತಿತು. ಇನ್ಫಾರ್ಮಿಕ್ಸ್ 1997ರಲ್ಲಿ ಲೆಕ್ಕಪತ್ರದ ಹಗರಣದಲ್ಲಿ ಕುಸಿಯಿತು. 2001ರಲ್ಲಿ ಅದರ ಡೇಟಾಬೇಸ್ ವ್ಯವಹಾರವನ್ನು ಐಬಿಎಂ 100 ಕೋಟಿ ಡಾಲರ್‌ಗೆ ಕೊಂಡಿತು. ಸೈಬೇಸ್ 2010ರಲ್ಲಿ ಉದ್ಯಮ ತಂತ್ರಾಂಶ ಮಾರುವ ಎಸ್‌ಎಪಿ ಕಂಪನಿಯ ಪಾಲಾಯಿತು.

ವೇಗ ಅಳೆಯುವ ಜಗಳ

ಎಲ್ಲರೂ ತಮ್ಮದೇ ವೇಗವೆನ್ನತೊಡಗಿದಾಗ ಅಳತೆಗೋಲು ಬೇಕಾಯಿತು. 1983ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡೆವಿಟ್ ಮತ್ತು ಸಹೋದ್ಯೋಗಿಗಳು ಹಲವು ಡೇಟಾಬೇಸ್‌ಗಳಿಗೆ ಒಂದೇ ಪರೀಕ್ಷೆ ಕೊಟ್ಟು ಫಲಿತಾಂಶವನ್ನು ಹೆಸರು ಸಮೇತ ಪ್ರಕಟಿಸಿದರು. ಒರಾಕಲ್ ಅದರಲ್ಲಿ ಹಿಂದೆ ಬಿತ್ತು. ಆಮೇಲೆ ಅದರ ಲೈಸೆನ್ಸ್ ಕರಾರಿನಲ್ಲಿ, ಅನುಮತಿಯಿಲ್ಲದೆ ವೇಗಪರೀಕ್ಷೆಯ ಫಲಿತಾಂಶ ಪ್ರಕಟಿಸಬಾರದು ಎಂಬ ಷರತ್ತು ಸೇರಿಕೊಂಡಿತು. ಉದ್ಯಮದಲ್ಲಿ ಇದಕ್ಕೆ ‘ಡೆವಿಟ್ ಷರತ್ತು’ ಎಂದೇ ಹೆಸರು. ಇತರ ಕಂಪನಿಗಳೂ ಇದನ್ನು ಅನುಸರಿಸಿದವು. ಈ ವ್ಯವಸ್ಥೆಗಳ ಸ್ವತಂತ್ರ ಹೋಲಿಕೆಗಳು ಇಂದಿಗೂ ವಿರಳವಾಗಿರುವುದಕ್ಕೂ, ಹಲವು ಸಂಶೋಧನಾ ಪ್ರಬಂಧಗಳಲ್ಲಿ ‘ವ್ಯವಸ್ಥೆ ಎ’, ‘ವ್ಯವಸ್ಥೆ ಬಿ’ ಎಂಬ ಮುಸುಕು ಹೆಸರುಗಳಿರುವುದಕ್ಕೂ ಇದೇ ಕಾರಣ.

1985ರ ಏಪ್ರಿಲ್ 1ರಂದು ‘ಡೇಟಾಮೇಷನ್’ ಪತ್ರಿಕೆಯಲ್ಲಿ ಲೇಖಕರ ಹೆಸರಿಲ್ಲದೆ ಒಂದು ಲೇಖನ ಬಂತು. ಅದರ ಹಿಂದಿದ್ದವರು ಜಿಮ್ ಗ್ರೇ ಮತ್ತು ಹಲವು ಕಂಪನಿಗಳಲ್ಲಿದ್ದ ಅವರ ಸ್ನೇಹಿತರು. ಬ್ಯಾಂಕ್ ಕೌಂಟರಿನಲ್ಲಿ ಹಣ ಕಟ್ಟುವ, ತೆಗೆಯುವ ಕೆಲಸವನ್ನೇ ಅವರು ಮಾದರಿಯಾಗಿ ತೆಗೆದುಕೊಂಡಿದ್ದರು. ಸೆಕೆಂಡಿಗೆ ಎಷ್ಟು ವಹಿವಾಟು ಎಂಬುದರ ಜೊತೆಗೆ, ಐದು ವರ್ಷದ ಖರ್ಚನ್ನು ಅದರಿಂದ ಭಾಗಿಸಿದರೆ ಎಷ್ಟು ಎಂಬುದನ್ನೂ ಹೇಳಬೇಕೆಂದು ಅವರು ಒತ್ತಾಯಿಸಿದರು. ಈ ಬೆಲೆಯ ಅಂಕಣ ಸೇರಿದ್ದೇ ಹೋಲಿಕೆಗೆ ಸಿಕ್ಕ ದೊಡ್ಡ ಲಾಭ. 1988ರಲ್ಲಿ ಕಂಪನಿಗಳೆಲ್ಲ ಸೇರಿ ಟಿಪಿಸಿ ಎಂಬ ಮಂಡಳಿ ಕಟ್ಟಿಕೊಂಡವು. ಅದು 1992ರಲ್ಲಿ ತಂದ ಟಿಪಿಸಿ-ಸಿ ಪರೀಕ್ಷೆಯಲ್ಲಿ ಒಬ್ಬ ಸಗಟು ವ್ಯಾಪಾರಿಯ ಗೋದಾಮುಗಳಿವೆ. ಪ್ರತಿ ಗೋದಾಮಿಗೆ 10 ಜಿಲ್ಲೆ, ಜಿಲ್ಲೆಗೆ 3,000 ಗಿರಾಕಿ, ಒಟ್ಟು 1,00,000 ಬಗೆಯ ಸರಕು. ಹೊಸ ಆರ್ಡರ್‌ಗಳಲ್ಲಿ ನೂರಕ್ಕೆ ಒಂದರಲ್ಲಿ ಬೇಕೆಂದೇ ತಪ್ಪು ಸಂಖ್ಯೆ ಇರುತ್ತದೆ. ಡೇಟಾಬೇಸ್ ಆ ವಹಿವಾಟನ್ನು ಪೂರ್ತಿ ಹಿಂತೆಗೆಯಬೇಕು. ಗುಮಾಸ್ತರು ತಪ್ಪು ಮಾಡುತ್ತಾರೆಂಬ ಅರಿವಿದ್ದವರು ಬರೆದ ಪರೀಕ್ಷೆ ಇದು.

ಪರೀಕ್ಷೆ ಒಳ್ಳೆಯದೇ. ಆದರೆ ಸಾವಿರಾರು ಡಿಸ್ಕ್ ಜೋಡಿಸಿ, ತಜ್ಞರ ತಂಡ ತಿಂಗಳುಗಟ್ಟಲೆ ತಿದ್ದಿ ತೀಡಿದ ಯಂತ್ರದ ಅಂಕಿ ಸಾಮಾನ್ಯ ಕಚೇರಿಗೆ ಏನು ಹೇಳೀತು? ಮೇಲಾಗಿ ಜಾಹೀರಾತಿನ ಭರಾಟೆ. ಐಬಿಎಂ ಯಂತ್ರಕ್ಕಿಂತ ಸನ್ ಎಂಬ ಕಂಪನಿಯ ಯಂತ್ರದ ಮೇಲೆ ತನ್ನ ಡೇಟಾಬೇಸ್ ವೇಗವೆಂದು, ಫಲಿತಾಂಶ ಸಲ್ಲಿಸುವ ಮೊದಲೇ ಪತ್ರಿಕೆಯಲ್ಲಿ ಸಾರಿಕೊಂಡಿದ್ದಕ್ಕೆ 2009ರಲ್ಲಿ ಟಿಪಿಸಿ ಒರಾಕಲ್‌ಗೆ 10,000 ಡಾಲರ್ ದಂಡ ಹಾಕಿತು.

ಬೀಗವೋ, ಹಳೆಯ ಪ್ರತಿಯೋ

ನಿಜವಾದ ವ್ಯತ್ಯಾಸ ಕಾಣುವುದು ಇಬ್ಬರು ಒಂದೇ ಮಾಹಿತಿಯನ್ನು ಒಟ್ಟಿಗೆ ಮುಟ್ಟಿದಾಗ. ಬ್ಯಾಂಕಿನಲ್ಲಿ ಎಲ್ಲ ಖಾತೆಗಳ ಮೊತ್ತ ಕೂಡಿಸುವ ವರದಿ ಓಡುತ್ತಿದೆ ಎನ್ನೋಣ. ಅದು ಮೊದಲನೇ ಖಾತೆಯನ್ನು ಓದಿ ಮುಂದೆ ಹೋಯಿತು. ಅಷ್ಟರಲ್ಲಿ ಕೌಂಟರಿನಲ್ಲಿ ಆ ಖಾತೆಯಿಂದ 5,000 ರೂಪಾಯಿ ತೆಗೆದು ಕೊನೆಯ ಖಾತೆಗೆ ಹಾಕಿದರು. ವರದಿ ಕೊನೆಗೆ ಬಂದಾಗ ಆ ಹಣವನ್ನು ಇನ್ನೊಮ್ಮೆ ಎಣಿಸುತ್ತದೆ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟದಂತೆ ತಡೆಯುವ ಲಾಕ್ ಅನ್ನು, ಅಂದರೆ ಬೀಗವನ್ನು, ಓದುವವರಿಂದಲೂ ಹಾಕಿಸುವ ಡಿಬಿ2, ಎಸ್‌ಕ್ಯುಎಲ್ ಸರ್ವರ್‌ಗಳ ಹಳೆಯ ಕ್ರಮದಲ್ಲಿ, ಸಾಮಾನ್ಯ ಮಟ್ಟದ ಬಿಗಿಯಿಟ್ಟರೆ ಹೀಗೆ ಆಗಬಹುದು. ಬಿಗಿ ಹೆಚ್ಚಿಸಿದರೆ ವರದಿ ಮುಗಿಯುವವರೆಗೂ ಕೌಂಟರಿನವರು ಕಾಯಬೇಕು. ಒಂದೇ ಟೇಬಲ್‌ನಲ್ಲಿ ಲಾಕ್‌ಗಳ ಸಂಖ್ಯೆ ಸುಮಾರು 5,000 ದಾಟಿದರೆ ಎಸ್‌ಕ್ಯುಎಲ್ ಸರ್ವರ್ ಆ ಟೇಬಲ್‌ಗೇ ಒಂದು ಲಾಕ್ ಜಡಿಯಲು ನೋಡುತ್ತದೆ.

ಒರಾಕಲ್ 1984ರ ನಾಲ್ಕನೇ ಆವೃತ್ತಿಯಿಂದ ಬೇರೆ ದಾರಿ ಹಿಡಿಯಿತು. ಸಾಲು ಬದಲಾದಾಗ ಹಳೆಯ ಬೆಲೆಯನ್ನು ಪಕ್ಕಕ್ಕೆ ಎತ್ತಿಟ್ಟಿರುತ್ತದೆ. ವರದಿ ಶುರುವಾದ ಗಳಿಗೆಯಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ಕಟ್ಟಿ ತೋರಿಸುತ್ತದೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಇದಕ್ಕೂ ಒಂದು ತೊಡಕಿದೆ. ವರದಿ ಬಹಳ ಹೊತ್ತು ಓಡಿ, ಅಷ್ಟರಲ್ಲಿ ಹಳೆಯ ಬೆಲೆಗಳು ಅಳಿಸಿಹೋಗಿದ್ದರೆ ‘ಸ್ನ್ಯಾಪ್‌ಶಾಟ್ ಟೂ ಓಲ್ಡ್’ ಎಂಬ ದೋಷ ಹೇಳಿ ನಿಂತುಬಿಡುತ್ತದೆ. ಒರಾಕಲ್ ನೋಡಿಕೊಳ್ಳುವ ಡೇಟಾಬೇಸ್ ನಿರ್ವಾಹಕರಿಗೆ ಈ ಸಾಲು ಬಾಯಿಪಾಠ. ಪೋಸ್ಟ್‌ಗ್ರೆಸ್‌ಕ್ಯುಎಲ್ ಹಳೆಯ ಪ್ರತಿಗಳನ್ನು ಟೇಬಲ್‌ನಲ್ಲಿಯೇ ಬಿಡುತ್ತದೆ, ಆಮೇಲೆ ವ್ಯಾಕ್ಯೂಮ್ ಎಂಬ ಕೆಲಸ ಬಂದು ಗುಡಿಸಬೇಕು. ಎಸ್‌ಕ್ಯುಎಲ್ ಸರ್ವರ್ 2005ರಲ್ಲಿ, ಡಿಬಿ2 ತನ್ನ 9.7 ಆವೃತ್ತಿಯಲ್ಲಿ ಹಳೆಯ ಬೆಲೆ ತೋರಿಸುವ ಸೌಲಭ್ಯವನ್ನು ತಂದವು. ಈ ವಾದದಲ್ಲಿ ಗೆದ್ದವರು ಯಾರೆಂದು ಅಷ್ಟರಿಂದಲೇ ಗೊತ್ತಾಗುತ್ತದೆ.

ಹಾಗೆಂದು ಒರಾಕಲ್ ದಾರಿ ನಿರ್ದೋಷವಲ್ಲ. ಇಬ್ಬರು ವೈದ್ಯರಲ್ಲಿ ಒಬ್ಬರಾದರೂ ರಾತ್ರಿ ಪಾಳಿಯಲ್ಲಿರಬೇಕೆಂಬ ನಿಯಮವಿದೆ; ಇನ್ನೊಬ್ಬರಿದ್ದಾರಲ್ಲ ಎಂದು ಇಬ್ಬರೂ ಒಂದೇ ಹೊತ್ತಿಗೆ ರಜೆ ಹಾಕಿದರೆ, ಹಳೆಯ ಪ್ರತಿ ನೋಡುವ ವ್ಯವಸ್ಥೆ ಇಬ್ಬರಿಗೂ ರಜೆ ಕೊಟ್ಟುಬಿಡುತ್ತದೆ. ಒರಾಕಲ್‌ನ ಅತಿ ಬಿಗಿಯಾದ ‘ಸೀರಿಯಲೈಸಬಲ್’ ಮಟ್ಟದಲ್ಲಿಯೂ ಇದು ಸಾಧ್ಯ. ಈ ಬಿಗಿಯ ಮಟ್ಟಗಳ ಬಗ್ಗೆ ಎಸ್‌ಕ್ಯುಎಲ್ ಮಾನಕದ ವಿವರಣೆಯೇ ಅಸ್ಪಷ್ಟವೆಂದು 1995ರಲ್ಲಿ ಗ್ರೇ ಮತ್ತಿತರರು ತೋರಿಸಿಕೊಟ್ಟಿದ್ದರು. ಹಳೆಯ ಪ್ರತಿಗಳ ಕ್ರಮವನ್ನು ಇಟ್ಟುಕೊಂಡೇ ಈ ತೂತು ಮುಚ್ಚಿದ್ದು 2011ರ ಪೋಸ್ಟ್‌ಗ್ರೆಸ್‌ಕ್ಯುಎಲ್ 9.1.

ಒಂದೇ ಭಾಷೆ, ಹಲವು ನುಡಿಗಟ್ಟು

ಎಸ್‌ಕ್ಯುಎಲ್ ಮಾನಕವಾದರೂ ಪ್ರತಿ ಕಂಪನಿಯೂ ತನ್ನ ಒಗ್ಗರಣೆ ಸೇರಿಸಿತು. ಒರಾಕಲ್‌ನ ಪಿಎಲ್/ಎಸ್‌ಕ್ಯುಎಲ್‌ನಲ್ಲಿ ಬರೆದ ಪ್ರೊಸೀಜರ್ ಮೈಕ್ರೋಸಾಫ್ಟ್‌ನ ಟಿ-ಎಸ್‌ಕ್ಯುಎಲ್‌ಗೆ ಅರ್ಥವಾಗದು. ಒರಾಕಲ್‌ನಲ್ಲಿ ಖಾಲಿ ಅಕ್ಷರಸರಣಿಯೂ ‘ನಲ್’, ಅಂದರೆ ಗೊತ್ತಿಲ್ಲದ ಬೆಲೆಯೂ ಒಂದೇ. ಉಳಿದವುಗಳಲ್ಲಿ ಎರಡೂ ಬೇರೆ. ಮನೆತನದ ಹೆಸರಿಲ್ಲದವರ ಕಾಲಂ ಖಾಲಿ ಬಿಟ್ಟು, ಆಮೇಲೆ ಆ ಖಾಲಿಗೆ ಸಮನಾದದ್ದನ್ನು ಹುಡುಕಿದರೆ ಒರಾಕಲ್ ಒಂದು ಸಾಲನ್ನೂ ಕೊಡುವುದಿಲ್ಲ.

ಕನ್ನಡದ ಮಾಹಿತಿ ತುಂಬುವಾಗ ಇನ್ನೊಂದು ವ್ಯತ್ಯಾಸ ಎದುರಾಗುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು; ವ್ಯಂಜನವೂ ಅದಕ್ಕೆ ಹತ್ತುವ ಸ್ವರಚಿಹ್ನೆಯೂ ಬೇರೆ ಬೇರೆ ಸಂಕೇತ. ಒರಾಕಲ್‌ನಲ್ಲಿ ಕಾಲಂ ಅಗಲ 20 ಎಂದು ಬರೆದರೆ, ಬೇರೆ ಸೂಚನೆ ಕೊಡದಿದ್ದಲ್ಲಿ, ಅದು 20 ಬೈಟ್. ‘ಮೈಸೂರು’ 6 ಸಂಕೇತ, 18 ಬೈಟ್, ಒಳಗೆ ಕೂರುತ್ತದೆ. ‘ಬೆಂಗಳೂರು’ 8 ಸಂಕೇತ, 24 ಬೈಟ್. ಕಾಲಮಿಗೆ ದೊಡ್ಡದಾಯಿತೆಂದು 12899ನೇ ನಂಬರಿನ ದೋಷ ಬರುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಮತ್ತು ಮೈಎಸ್‌ಕ್ಯುಎಲ್ ಎಣಿಸುವುದು ಸಂಕೇತಗಳನ್ನು, ಹಾಗಾಗಿ ಅಲ್ಲಿ ಎರಡೂ ಊರಿಗೆ ಜಾಗವಿದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಾಲಂ ‘ಎನ್‌ವರ್‌ಕ್ಯಾರ್’ ಬಗೆಯದ್ದಾಗಿರಬೇಕಿತ್ತು. ಬರೀ ‘ವರ್‌ಕ್ಯಾರ್’ ಆಗಿದ್ದರೆ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಲ್ಲಿಗೆ ಯುಟಿಎಫ್-8 ಬಂದದ್ದು 2019ರ ಆವೃತ್ತಿಯಲ್ಲಿ.

ಲೈಸೆನ್ಸ್ ಮತ್ತು ಮುಕ್ತ ತಂತ್ರಾಂಶ

ಬೆಲೆಪಟ್ಟಿ ಓದುವುದು ಬಹಳ ಕಡೆ ತಾಂತ್ರಿಕ ಕೈಪಿಡಿ ಓದುವುದಕ್ಕಿಂತ ಕಷ್ಟ. ಪ್ರೊಸೆಸರ್‌ನ ಕೋರ್‌ಗಳನ್ನು ಎಣಿಸಿ, ಇಂಟೆಲ್ ಜಿಯಾನ್ ಆದರೆ 0.5ರಿಂದ ಗುಣಿಸಿ ಒರಾಕಲ್ ದರ ಕಟ್ಟುತ್ತದೆ. ದೊಡ್ಡ ಟೇಬಲ್ ಹೋಳು ಮಾಡುವ ಪಾರ್ಟಿಷನಿಂಗ್‌ನಂಥ ಸೌಲಭ್ಯಗಳಿಗೆ ಎಂಟರ್‌ಪ್ರೈಸ್ ಆವೃತ್ತಿಯ ಮೇಲೆ ಬೇರೆ ಹಣ. ಒಂದು ಸರ್ವರ್‌ನೊಳಗೆ ಹಲವು ವರ್ಚುವಲ್ ಯಂತ್ರ ಓಡಿಸುವ ವಿಎಂವೇರ್‌ನಲ್ಲಿ ಒಂದೇ ವರ್ಚುವಲ್ ಯಂತ್ರದ ಮೇಲೆ ಓಡಿಸಿದರೂ ಅದು ಹೋಗಬಹುದಾದ ಎಲ್ಲ ಸರ್ವರ್‌ಗಳಿಗೂ ಲೈಸೆನ್ಸ್ ಬೇಕೆಂಬ ಅದರ ನಿಲುವು ಎಷ್ಟೋ ತಕರಾರುಗಳಿಗೆ ಮೂಲ. ಮೈಕ್ರೋಸಾಫ್ಟ್ ಕೂಡ 2012ರ ಆವೃತ್ತಿಯಿಂದ ಕೋರ್ ಲೆಕ್ಕಕ್ಕೆ ಹೊರಳಿತು.

ಬರ್ಕ್ಲಿಯಲ್ಲಿ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಪೋಸ್ಟ್‌ಗ್ರೆಸ್, 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಹೆಸರಿನಲ್ಲಿ ಸ್ವಯಂಸೇವಕರ ಕೈಗೆ ಬಂತು. ಅದಕ್ಕೆ ಮಾಲೀಕನಿಲ್ಲ, ಆದ್ದರಿಂದ ಕೊಳ್ಳಲು ಬರುವುದಿಲ್ಲ. ಸ್ವೀಡನ್‌ನ ಮೈಎಸ್‌ಕ್ಯುಎಲ್ ಕತೆ ಇದರ ವಿರುದ್ಧ. ಅದು ವಹಿವಾಟಿಗೆ ನೆಚ್ಚಿದ್ದ ಇನ್ನೊಡಿಬಿ ಭಾಗವನ್ನು 2005ರಲ್ಲಿ ಒರಾಕಲ್ ಕೊಂಡಿತು, 2008ರಲ್ಲಿ ಮೈಎಸ್‌ಕ್ಯುಎಲ್ ಅನ್ನು ಸನ್ ಕೊಂಡಿತು, 2010ರಲ್ಲಿ ಸನ್ ಅನ್ನೇ ಒರಾಕಲ್ ಕೊಂಡಿತು. ಯುರೋಪಿಯನ್ ಕಮಿಷನ್ ಪ್ರಶ್ನೆ ಎತ್ತಿ, ಕೊನೆಗೆ ಒಪ್ಪಿಗೆ ಕೊಟ್ಟಿತು. ಮೂಲ ಕರ್ತೃಗಳಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ ಅಷ್ಟರಲ್ಲಿ ಮರಿಯಾಡಿಬಿ ಎಂಬ ಕವಲು ತೆಗೆದಿದ್ದರು.

ಮೇಲೆ ಕೂತ ಅಪ್ಲಿಕೇಶನ್

ಹಲವು ಸಂಸ್ಥೆಗಳು ಡೇಟಾಬೇಸನ್ನು ಆರಿಸುವುದೇ ಇಲ್ಲ. ಮೊದಲು ಎಸ್‌ಎಪಿಯನ್ನೋ ಬ್ಯಾಂಕಿಂಗ್ ತಂತ್ರಾಂಶವನ್ನೋ ಕೊಳ್ಳುತ್ತವೆ, ಅದು ಬೇಡುವ ಡೇಟಾಬೇಸ್ ಹಿಂದೆಯೇ ಬರುತ್ತದೆ. ವರ್ಷಗಟ್ಟಲೆ ಒರಾಕಲ್, ಡಿಬಿ2ಗಳ ಮೇಲೆ ಓಡಿದ ಎಸ್‌ಎಪಿ, 2015ರ ಎಸ್/4ಹಾನಾದಲ್ಲಿ ತನ್ನದೇ ಹಾನಾ ಡೇಟಾಬೇಸ್ ಕಡ್ಡಾಯ ಮಾಡಿತು. ಮೇಲಿನ ತಂತ್ರಾಂಶದ ಹಿಡಿತ ಎಷ್ಟೆಂಬುದಕ್ಕೆ ನಮ್ಮ ಬ್ಯಾಂಕುಗಳ ವಿಲೀನವೂ ಸಾಕ್ಷಿ. 2019ರ ಆಗಸ್ಟ್ 30ರಂದು ಕೇಂದ್ರ ಹಣಕಾಸು ಸಚಿವೆ ಪ್ರಕಟಿಸಿದ ಯೋಜನೆಯಲ್ಲಿ, ಬೆಂಗಳೂರಿನ ಕೆನರಾ ಬ್ಯಾಂಕಿಗೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕನ್ನು ಸೇರಿಸಲು ಕೊಟ್ಟ ಕಾರಣಗಳಲ್ಲೊಂದು, ಎರಡೂ ಐ-ಫ್ಲೆಕ್ಸ್ ತಂತ್ರಾಂಶ ಬಳಸುತ್ತಿದ್ದದ್ದು. ಐ-ಫ್ಲೆಕ್ಸ್ ಅಷ್ಟರಲ್ಲಿ ಒರಾಕಲ್ ಒಡೆತನದಲ್ಲಿತ್ತು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಸೇರಿದ ಯೂನಿಯನ್ ಬ್ಯಾಂಕ್ ಗುಂಪಿನಲ್ಲಿ ಎಲ್ಲವೂ ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್ ಮೇಲಿದ್ದವು.

ಕ್ಲೌಡ್ ಬಂದ ಮೇಲೆ ಡೇಟಾಬೇಸ್ ಬಾಡಿಗೆಗೆ ಸಿಗುತ್ತದೆ. ಅಮೆಜಾನ್ 2009ರಲ್ಲಿ ಆರ್‌ಡಿಎಸ್ ಸೇವೆಯನ್ನೂ, 2014ರಲ್ಲಿ ಮೈಎಸ್‌ಕ್ಯುಎಲ್‌ಗೆ ಹೊಂದುವ ಅರೋರಾವನ್ನೂ ಪ್ರಕಟಿಸಿತು. ಆದರೆ ಅದರ ಸ್ವಂತ ಅಂಗಡಿ ಆಗಲೂ ಒರಾಕಲ್ ಮೇಲೆಯೇ ನಿಂತಿತ್ತು. ನೂರಕ್ಕೂ ಹೆಚ್ಚು ತಂಡಗಳು ವರ್ಷಗಟ್ಟಲೆ ದುಡಿದು ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳಲ್ಲಿದ್ದ 75 ಪೆಟಾಬೈಟ್ ಮಾಹಿತಿಯನ್ನು ತನ್ನ ಸೇವೆಗಳಿಗೆ ಸಾಗಿಸಿದ ಮೇಲೆ, ಗ್ರಾಹಕ ವಿಭಾಗದ ಕೊನೆಯ ಒರಾಕಲ್ ಡೇಟಾಬೇಸ್ ನಿಲ್ಲಿಸಿದ್ದಾಗಿ ಅದು 2019ರ ಅಕ್ಟೋಬರ್‌ನಲ್ಲಿ ತಿಳಿಸಿತು. ಹೊರಗಿನವರ ತಂತ್ರಾಂಶಕ್ಕೆ ಅಂಟಿಕೊಂಡಿದ್ದ ಕೆಲವು ಅಪ್ಲಿಕೇಶನ್‌ಗಳನ್ನು ಆಗಲೂ ಸಾಗಿಸಲು ಆಗಿರಲಿಲ್ಲ.